ತಂದೆಯ ವರಮಾನವೆಷ್ಟು?



ಪ್ರತಿವರ್ಷ ಮುಂಗಾರು ಆರಂಭವಾಗುವ ವೇಳೆಗೆ ನಮ್ಮ ಮಠದ ಪಡಸಾಲೆಗೆ ಎರಡು ಬಗೆಯ ಬೇಡಿಕೆಗಳು ಬರುತ್ತವೆ. ಮೊದಲನೆಯದು, ಉಚಿತ ಪ್ರಸಾದನಿಲಯದಲ್ಲಿ ಮಗನಿಗೆ ಸ್ಥಳ ಕೊಡಬೇಕೆಂಬ ಬೇಡಿಕೆ. ಎರಡನೆಯದು, ಯಾವುದಾದರೊಂದು ಖಾಸಗಿ ವೈದ್ಯಕೀಯ ಅಥವಾ ತಾಂತ್ರಿಕ ಕಾಲೇಜಿನ ಆಡಳಿತ ಮಂಡಳಿಯವರಿಗೆ ನಮ್ಮಿಂದ ಒಂದು ಚೀಟಿ ಬೇಕೆಂಬ ಬೇಡಿಕೆ. ಪ್ರಸಾದನಿಲಯದ ಅರ್ಜಿಯಲ್ಲಿ ಒಂದು ಅಂಕಣವುಂಟು: 'ತಂದೆಯ ವಾರ್ಷಿಕ ವರಮಾನವೆಷ್ಟು?' ಅಲ್ಲಿ ಬರೆದ ಅಂಕಿ ಚಿಕ್ಕದಾದಷ್ಟೂ ಬಾಲಕನಿಗೆ ಬಾಗಿಲು ಬೇಗ ತೆರೆಯುತ್ತದೆ. ಕಾಲೇಜಿನ ಕಚೇರಿಯಲ್ಲಿಯೂ ಇದೇ ಪ್ರಶ್ನೆಯನ್ನು ಕೇಳುತ್ತಾರೆ. ಮಾತು ಮಾತ್ರ ಬೇರೆ. 'ಫೀ ಕಟ್ಟುವ ಅನುಕೂಲವುಂಟೋ?' ಎನ್ನುತ್ತಾರೆ. ಅಲ್ಲಿ ಅಂಕಿ ದೊಡ್ಡದಾದಷ್ಟೂ ಬಾಗಿಲು ಬೇಗ ತೆರೆಯುತ್ತದೆ. ಪ್ರಶ್ನೆ ಒಂದೇ, ಬಾಗಿಲುಗಳು ಎರಡು, ಫಲವು ಒಂದಕ್ಕೊಂದು ವಿರುದ್ಧ. ಅನೇಕ ಸಲ ಈ ಎರಡೂ ಬಾಗಿಲುಗಳ ಮೇಲೆ ಒಂದೇ ಮಠದ ಹೆಸರು ಬರೆದಿರುತ್ತದೆ ಎಂಬುದನ್ನು ನೆನೆದಾಗ, ಈ ವಿಷಯವನ್ನು ಕುರಿತು ಮೌನವಾಗಿರುವುದು ನಮಗೆ ಧರ್ಮವೆಂದು ತೋರಲಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಅಮಾವಾಸ್ಯೆಯ ದಿನ ದರ್ಶನಕ್ಕೆ ಬಂದ ಭಕ್ತರೊಬ್ಬರು ಎಲ್ಲರೂ ಹೋದ ಮೇಲೆಯೂ ಕಂಬಕ್ಕೆ ಒರಗಿ ಕುಳಿತೇ ಇದ್ದರು. ಪೇಟೆಯ ಕಿರಾಣಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕಾಯಕ ಅವರದು. ಮಗಳು ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯಲ್ಲಿ ಒಳ್ಳೆಯ ಸ್ಥಾನವನ್ನೇ ಪಡೆದಿದ್ದಳು. ಆದರೆ ಸರ್ಕಾರಿ ಸೀಟು ಸ್ವಲ್ಪದರಲ್ಲಿ ತಪ್ಪಿತ್ತು. ಖಾಸಗಿ ಕಾಲೇಜೊಂದರ ಹೆಚ್ಚಿನ ಫೀಯ ಸೀಟು ಅವಳ ಪಾಲಿಗೆ ಬಂದಿತ್ತು. ಮೊದಲ ವರ್ಷದ ಫೀ ಅವರ ಹಲವು ವರ್ಷಗಳ ಸಂಬಳಕ್ಕೆ ಸಮನಾಗಿತ್ತು. ಗಡುವು ಮುಗಿಯಲು ಮೂರು ದಿನ ಉಳಿದಿತ್ತು. ಅವರು ನಮ್ಮಿಂದ ಹಣ ಕೇಳಲಿಲ್ಲ, ಚೀಟಿ ಕೇಳಲಿಲ್ಲ. "ಅಜ್ಜಾರ, ಹುಡುಗಿ ಪಾಸಾಗ್ಯಾಳ್ರೀ. ಫೇಲಾದಾಂವ ನಾನು," ಎಂದಷ್ಟೇ ಹೇಳಿ ನಮಸ್ಕರಿಸಿ ಎದ್ದುಹೋದರು. ಅದೇ ವಾರದಲ್ಲಿ ಇನ್ನೊಬ್ಬ ಭಕ್ತರು ಪೇಢೆಯ ಪೆಟ್ಟಿಗೆಯೊಡನೆ ಬಂದರು. ಅವರ ಮಗನ ಸ್ಥಾನವು ಆ ಹುಡುಗಿಯ ಸ್ಥಾನಕ್ಕಿಂತ ಹಲವು ಲಕ್ಷ ಹೆಸರುಗಳಷ್ಟು ಕೆಳಗಿತ್ತು. ಆತನಿಗೆ ಸೀಟು ದೊರೆತಿತ್ತು. ಇಬ್ಬರೂ ಸಜ್ಜನರು, ಇಬ್ಬರೂ ಮಠಕ್ಕೆ ಬೇಕಾದವರು. ಆ ಪೇಢೆಯನ್ನು ನಾವು ಸ್ವೀಕರಿಸಿದೆವು. ಆದರೆ ಅದು ಗಂಟಲಿನಲ್ಲಿ ಸುಲಭವಾಗಿ ಇಳಿಯಲಿಲ್ಲ.

ಇಲ್ಲಿ ಆದ ಅನ್ಯಾಯವಾದರೂ ಯಾವುದು? ಹಣವುಳ್ಳವರು ಹಣ ಕೊಟ್ಟು ವಸ್ತುವನ್ನು ಕೊಳ್ಳುವುದು ಲೋಕದ ರೂಢಿಯೇ ಆಗಿದೆ. ಶ್ರೀಮಂತನು ದೊಡ್ಡ ಮನೆಯನ್ನು ಕಟ್ಟಿಸಿದರೆ ನಾವು ಯಾರೂ ಅನ್ಯಾಯವೆನ್ನುವುದಿಲ್ಲ. ಹಾಗಾದರೆ ಕಾಲೇಜಿನ ಸೀಟನ್ನು ಕುರಿತು ಮಾತ್ರ ನಮ್ಮ ಮನಸ್ಸು ಏಕೆ ನೋಯಬೇಕು? ಗ್ರೀಸ್ ದೇಶದ ತತ್ತ್ವಜ್ಞಾನಿ ಅರಿಸ್ಟಾಟಲನು ತನ್ನ ರಾಜನೀತಿ ಗ್ರಂಥದಲ್ಲಿ ಒಂದು ದೃಷ್ಟಾಂತವನ್ನು ಕೊಟ್ಟಿದ್ದಾನೆ. ಒಳ್ಳೆಯ ಕೊಳಲುಗಳು ಕೆಲವೇ ಇದ್ದಾಗ ಅವುಗಳನ್ನು ಯಾರಿಗೆ ಕೊಡಬೇಕು? ಉಚ್ಚ ಕುಲದವನಿಗಲ್ಲ, ರೂಪವಂತನಿಗಲ್ಲ; ಚೆನ್ನಾಗಿ ಕೊಳಲು ನುಡಿಸಬಲ್ಲವನಿಗೆ. ಏಕೆಂದರೆ ಕೊಳಲು ಇರುವುದೇ ನುಡಿಸುವುದಕ್ಕಾಗಿ. ವಸ್ತುವಿನ ಪ್ರಯೋಜನವೇನೆಂಬುದನ್ನು ತಿಳಿದರೆ ಅದಕ್ಕೆ ಅರ್ಹನಾರೆಂಬುದೂ ತಿಳಿಯುತ್ತದೆ. ನಮ್ಮ ಪೂರ್ವಿಕರು ಇದನ್ನೇ ಪಾತ್ರತೆಯೆಂದು ಕರೆದರು. ದಾನವಾಗಲಿ, ವಿದ್ಯೆಯಾಗಲಿ, ದೀಕ್ಷೆಯಾಗಲಿ, ಪಾತ್ರಾಪಾತ್ರ ವಿವೇಕವಿಲ್ಲದೆ ಕೊಟ್ಟರೆ ಕೊಟ್ಟವನಿಗೂ ದೋಷ, ಪಡೆದವನಿಗೂ ದೋಷವೆಂಬುದು ಅವರ ನಿಶ್ಚಯವಾಗಿತ್ತು.

ವೈದ್ಯಕೀಯ ಕಾಲೇಜಿನ ಸೀಟು ಇರುವುದು ಯಾರಿಗಾಗಿ? ವಿದ್ಯಾರ್ಥಿಗಾಗಿಯೇ ಎಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಸ್ವಲ್ಪ ವಿಚಾರ ಮಾಡಿದರೆ ಅದು ಪೂರ್ಣ ಸತ್ಯವಲ್ಲವೆಂದು ಕಂಡುಬರುತ್ತದೆ. ಇನ್ನು ಹತ್ತು ವರ್ಷಗಳ ಮೇಲೆ ಯಾವುದೋ ಊರಿನ ಆಸ್ಪತ್ರೆಯ ಮಂಚದ ಮೇಲೆ ಮಲಗಲಿರುವ ರೋಗಿಗಾಗಿ ಆ ಸೀಟು ಇದೆ. ಆ ರೋಗಿಯು ವೈದ್ಯನ ಕೈಗುಣವನ್ನು, ತಿಳಿವಳಿಕೆಯನ್ನು, ಕರುಣೆಯನ್ನು ಅಪೇಕ್ಷಿಸುವನೇ ಹೊರತು ವೈದ್ಯನ ತಂದೆಯ ವರಮಾನವೆಷ್ಟೆಂದು ಕೇಳುವುದಿಲ್ಲ. ಪ್ರವೇಶದ ದಿನ ಕಾಲೇಜಿನ ಕಚೇರಿಯಲ್ಲಿ ತಂದೆಯಿರುತ್ತಾನೆ, ಮಗನಿರುತ್ತಾನೆ, ಆಡಳಿತ ಮಂಡಳಿಯವರಿರುತ್ತಾರೆ. ರೋಗಿಯು ಮಾತ್ರ ಇರುವುದಿಲ್ಲ. ಅಲ್ಲಿ ಇಲ್ಲದವನ ಪಾಲನ್ನು ಅಲ್ಲಿ ಇರುವವರು ತಮ್ಮೊಳಗೆ ವ್ಯಾಪಾರ ಮಾಡಿಕೊಳ್ಳುವುದೇ ಇಲ್ಲಿಯ ಅನ್ಯಾಯ. ಮನೆಯನ್ನು ಕೊಳ್ಳುವುದಕ್ಕೂ ಸೀಟನ್ನು ಕೊಳ್ಳುವುದಕ್ಕೂ ಇರುವ ಅಂತರ ಇಷ್ಟೇ.

ಈ ಪ್ರಶ್ನೆ ನಮ್ಮ ನಾಡಿಗೆ ಹೊಸದಲ್ಲ. ದೇಶದ ಸರ್ವೋಚ್ಚ ನ್ಯಾಯಾಲಯವು ಇದನ್ನು ವಿಚಾರಿಸಿದ್ದೂ ಕರ್ನಾಟಕದ ಮೂಲಕವೇ ಎಂಬುದನ್ನು ಹಲವರು ಮರೆತಿದ್ದಾರೆ. ಪ್ರವೇಶಕ್ಕಾಗಿ ವಂತಿಗೆ ಪಡೆಯುವುದನ್ನು ನಿಷೇಧಿಸುವ ಶಾಸನವನ್ನು ನಮ್ಮ ರಾಜ್ಯವು ೧೯೮೪ರಲ್ಲಿ ಮಾಡಿತು. ಆದರೆ ೧೯೮೯ರ ಸರ್ಕಾರಿ ಅಧಿಸೂಚನೆಯೊಂದು ಖಾಸಗಿ ವೈದ್ಯಕೀಯ ಕಾಲೇಜುಗಳ ಫೀಯನ್ನು ಮೂರು ತರವಾಗಿ ವಿಂಗಡಿಸಿತು. ಸರ್ಕಾರಿ ಸೀಟಿನವರಿಗೆ ವರ್ಷಕ್ಕೆ ೨,೦೦೦ ರೂಪಾಯಿ. ಕರ್ನಾಟಕದ ಉಳಿದ ವಿದ್ಯಾರ್ಥಿಗಳಿಗೆ ೨೫,೦೦೦ ರೂಪಾಯಿ. ಹೊರರಾಜ್ಯದವರಿಗೆ ೬೦,೦೦೦ ರೂಪಾಯಿ. ಉತ್ತರ ಪ್ರದೇಶದ ವಿದ್ಯಾರ್ಥಿನಿಯೊಬ್ಬಳ ತಂದೆಯು ಇಷ್ಟು ಹಣವನ್ನು ಕೊಡುವುದು ತನ್ನ ಶಕ್ತಿಗೆ ಮೀರಿದ್ದೆಂದು ಹೇಳಿದಾಗ ಆಕೆಗೆ ಪ್ರವೇಶ ದೊರೆಯಲಿಲ್ಲ. ಮೋಹಿನಿ ಜೈನ್ ಪ್ರಕರಣವೆಂದು ಪ್ರಸಿದ್ಧವಾದ ಈ ವ್ಯಾಜ್ಯದಲ್ಲಿ ೧೯೯೨ರಲ್ಲಿ ತೀರ್ಪು ಹೊರಬಿದ್ದು, ವಂತಿಗೆಯ ಪದ್ಧತಿಯು ಸಂವಿಧಾನದ ಸಮಾನತೆಗೆ ವಿರುದ್ಧವಾದುದೆಂದು ಸಾರಲ್ಪಟ್ಟಿತು.

ಮರುವರ್ಷವೇ, ೧೯೯೩ರಲ್ಲಿ, ಉನ್ನಿಕೃಷ್ಣನ್ ಪ್ರಕರಣದಲ್ಲಿ ನ್ಯಾಯಾಲಯವು ಒಂದು ವ್ಯವಸ್ಥೆಯನ್ನು ರೂಪಿಸಿತು. ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳ ಅರ್ಧ ಸೀಟುಗಳು 'ಉಚಿತ ಸೀಟು', ಅರ್ಧ 'ಪಾವತಿ ಸೀಟು'. ಎರಡನ್ನೂ ಅರ್ಹತೆಯ ಕ್ರಮದಲ್ಲಿಯೇ ತುಂಬತಕ್ಕದ್ದು. ಪಾವತಿ ಮಾಡುವವರ ಹಣದಿಂದ ಉಚಿತ ಸೀಟಿನವರ ವೆಚ್ಚವೂ ನಡೆಯತಕ್ಕದ್ದು. ನೋಡಲು ಇದು ದಾಸೋಹದ ತತ್ತ್ವದಂತೆಯೇ ತೋರುತ್ತದೆ. ಆದರೆ ೨೦೦೨ರಲ್ಲಿ ಹನ್ನೊಂದು ಮಂದಿ ನ್ಯಾಯಮೂರ್ತಿಗಳ ಪೀಠವು ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಈ ವ್ಯವಸ್ಥೆಯನ್ನು ರದ್ದುಗೊಳಿಸಿತು. ಸಂಸ್ಥೆಗಳಿಗೆ ತಮ್ಮ ಫೀಯನ್ನು ಗೊತ್ತುಪಡಿಸುವ ಸ್ವಾತಂತ್ರ್ಯವುಂಟು. ಆದರೆ ಲಾಭಕೋರತನವಾಗಲಿ ವಂತಿಗೆಯಾಗಲಿ ಸಲ್ಲದು ಎಂದಿತು. ೨೦೦೫ರ ಇನಾಮದಾರ್ ಪ್ರಕರಣದ ತೀರ್ಪು ಅನಿವಾಸಿ ಭಾರತೀಯರಿಗಾಗಿ ಶೇಕಡಾ ೧೫ರ ಮಿತಿಯೊಳಗೆ ಸೀಟುಗಳನ್ನಿಡಲು ಒಪ್ಪಿ, ಆ ಹಣವು ಆರ್ಥಿಕವಾಗಿ ಹಿಂದುಳಿದ ವಿದ್ಯಾರ್ಥಿಗಳ ಹಿತಕ್ಕೆ ವಿನಿಯೋಗವಾಗಬೇಕೆಂಬ ಆಶಯವನ್ನೂ ಸೂಚಿಸಿತು. ಹೀಗೆ ಕಾನೂನು ಹಲವು ಸಲ ಹೊರಳಿದೆ. ಆದರೂ ಒಂದೇ ಬೆಂಚಿನ ಮೇಲೆ ಕುಳಿತು ಒಂದೇ ಪಾಠವನ್ನು ಕೇಳುವ ಮಕ್ಕಳಿಗೆ ಮೂರು ನಾಲ್ಕು ತರದ ಫೀ ಎಂಬ ಪದ್ಧತಿ ಮಾತ್ರ ಇಂದಿಗೂ ಉಳಿದಿದೆ.

ಈಗ ಪರೀಕ್ಷೆ ದೇಶಕ್ಕೆಲ್ಲ ಒಂದೇ ಆಗಿರುವುದರಿಂದ ಹಣದ ಪ್ರಭಾವ ಕಳೆದುಹೋಯಿತೆಂದು ಕೆಲವರು ತಿಳಿದಿದ್ದಾರೆ. ಲೆಕ್ಕವನ್ನು ತಾವೇ ನೋಡಿರಿ. ೨೦೨೪ರಲ್ಲಿ ನೀಟ್ ಬರೆದವರು ಸುಮಾರು ೨೩ ಲಕ್ಷ. ಅರ್ಹರೆನಿಸಿಕೊಂಡವರು ಸುಮಾರು ೧೩ ಲಕ್ಷ. ಇಡೀ ದೇಶದಲ್ಲಿದ್ದ ಎಂ.ಬಿ.ಬಿ.ಎಸ್. ಸೀಟುಗಳು ಒಂದು ಲಕ್ಷಕ್ಕಿಂತ ಸ್ವಲ್ಪ ಹೆಚ್ಚು. ಸಾಮಾನ್ಯ ವರ್ಗದವರಲ್ಲಿ ಪರೀಕ್ಷೆ ಬರೆದವರ ಪೈಕಿ ಮೇಲಿನ ಅರ್ಧದೊಳಗೆ ಬಂದವರೆಲ್ಲ ಅರ್ಹರೇ. ಅಂದರೆ ಒಂದು ಸೀಟಿಗೆ ಹತ್ತಕ್ಕಿಂತ ಹೆಚ್ಚು ಮಂದಿ 'ಅರ್ಹರು' ಸಾಲಿನಲ್ಲಿ ನಿಂತಿರುತ್ತಾರೆ. ಸಾಲಿನ ಮುಂದಿರುವವರಿಗೆ ಸರ್ಕಾರಿ ಸೀಟು ದೊರೆಯುತ್ತದೆ. ಅವರ ಹಿಂದೆ ನಿಂತವರಲ್ಲಿ ಹಣವಿಲ್ಲದವನು ತಾನಾಗಿಯೇ ಸಾಲು ಬಿಟ್ಟು ಹೊರಗೆ ಹೋಗುತ್ತಾನೆ; ಹಣವುಳ್ಳವನು ಎಷ್ಟು ಹಿಂದಿದ್ದರೂ ಒಂದೊಂದೇ ಹೆಜ್ಜೆ ಮುಂದಕ್ಕೆ ಬರುತ್ತಾನೆ. ಯಾರೂ ಯಾರನ್ನೂ ತಳ್ಳಲಿಲ್ಲ. ಯಾವ ನಿಯಮವೂ ಮುರಿಯಲಿಲ್ಲ. ಎಲ್ಲವೂ ಗಣಕಯಂತ್ರದ ಮೂಲಕ ಶುದ್ಧವಾಗಿಯೇ ನಡೆಯಿತು. ಅರ್ಹತೆಯ ಗೆರೆಯನ್ನು ಕೆಳಗೆ ಎಳೆದು ಫೀಯ ಗೆರೆಯನ್ನು ಮೇಲೆ ಎಳೆದರೆ, ಆಯ್ಕೆ ಮಾಡುವುದು ಪರೀಕ್ಷೆಯಲ್ಲ, ಫೀಯೇ ಎಂಬುದನ್ನು ತಿಳಿಯಲು ಹೆಚ್ಚಿನ ಪಾಂಡಿತ್ಯ ಬೇಕಾಗಿಲ್ಲ. ಕಿರಾಣಿ ಅಂಗಡಿಯ ಲೆಕ್ಕಿಗರು 'ಫೇಲಾದಾಂವ ನಾನು' ಎಂದದ್ದು ದುಃಖದ ಮಾತು ಮಾತ್ರವಲ್ಲ, ವಸ್ತುಸ್ಥಿತಿಯ ನಿಷ್ಠುರ ವರ್ಣನೆಯೇ ಆಗಿತ್ತು.

ಇನ್ನು ಸಂಸ್ಥೆಯವರ ಪಕ್ಷವನ್ನೂ ನಾವು ನಿಷ್ಪಕ್ಷಪಾತವಾಗಿ ಕೇಳಬೇಕು. ಅವರೆಲ್ಲ ಧನದಾಹಿಗಳೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಅದು ನ್ಯಾಯವಲ್ಲ. ವೈದ್ಯಕೀಯ ಕಾಲೇಜೊಂದನ್ನು ನಡೆಯಿಸಲು ನೂರಾರು ಹಾಸಿಗೆಗಳ ಆಸ್ಪತ್ರೆ ಬೇಕು, ಪ್ರಾಧ್ಯಾಪಕರ ವೇತನ ಬೇಕು, ಯಂತ್ರೋಪಕರಣಗಳು ಬೇಕು. ಸರ್ಕಾರದ ಅನುದಾನವಿಲ್ಲದ ಸಂಸ್ಥೆಗೆ ಈ ಹಣವೆಲ್ಲ ಎಲ್ಲಿಂದ ಬರಬೇಕು? ಆಡಳಿತ ಮಂಡಳಿಯ ಹಿರಿಯರೊಬ್ಬರು ನಮ್ಮೆದುರು ಹೀಗೆ ವಾದಿಸಿದ್ದರು: "ಒಬ್ಬ ಶ್ರೀಮಂತನ ಮಗನನ್ನು ಸೇರಿಸಿಕೊಂಡರೆ ಆ ಹಣದಲ್ಲಿ ಇಬ್ಬರು ಬಡವರನ್ನು ಓದಿಸಬಹುದು, ಪೂಜ್ಯರೇ. ಅವನನ್ನು ಬೇಡವೆಂದರೆ ಮೂವರಿಗೂ ವಿದ್ಯೆಯಿಲ್ಲ." ಈ ವಾದದಲ್ಲಿ ಬಲವಿದೆ. ಅದನ್ನು ಆಡಿದವರ ಮನಸ್ಸೂ ಶುದ್ಧವಾಗಿತ್ತು.

ಈ ವಾದಕ್ಕೆ ನಾವೂ ಒಮ್ಮೆ ತಲೆಬಾಗಿದ್ದೇವೆ. ಅದನ್ನು ಮರೆಮಾಚಿ ಇತರರಿಗೆ ಬುದ್ಧಿ ಹೇಳುವುದು ತರವಲ್ಲವಾದುದರಿಂದ ಇಲ್ಲಿ ನಿವೇದಿಸುತ್ತೇವೆ. ಹಲವು ವರ್ಷಗಳ ಹಿಂದೆ, ಮಠದ ದಾಸೋಹ ಮಂದಿರದ ಕಟ್ಟಡಕ್ಕೆ ಉದಾರವಾಗಿ ಸಹಾಯ ಮಾಡಿದ ಗೃಹಸ್ಥರೊಬ್ಬರ ಮಗನಿಗಾಗಿ ಒಂದು ಚೀಟಿ ಬರೆದುಕೊಟ್ಟೆವು. 'ಯೋಗ್ಯನಾದವನು, ಪರಿಶೀಲಿಸುವುದು' ಎಂಬ ಎರಡೇ ಮಾತು. ಹುಡುಗನ ಯೋಗ್ಯತೆಯನ್ನು ನಾವು ಪರೀಕ್ಷಿಸಿರಲಿಲ್ಲ. ತಂದೆಯ ಔದಾರ್ಯವನ್ನು ಮಾತ್ರ ಕಂಡಿದ್ದೆವು. ಹುಡುಗನಿಗೆ ಸೀಟು ದೊರೆಯಿತು. ಆ ಸೀಟು ಯಾರಿಗೆ ತಪ್ಪಿತೆಂಬುದು ನಮಗೆ ಇಂದಿಗೂ ತಿಳಿಯದು. ತಿಳಿಯದಿರುವುದೇ ಈ ಪಾಪದ ವಿಶೇಷ. ಕಳ್ಳತನದಲ್ಲಿ ವಸ್ತುವನ್ನು ಕಳೆದುಕೊಂಡವನು ಬಂದು ದೂರುತ್ತಾನೆ. ಇಲ್ಲಿ ಕಳೆದುಕೊಂಡವನಿಗೆ ತಾನು ಕಳೆದುಕೊಂಡೆನೆಂಬುದೂ ಗೊತ್ತಾಗುವುದಿಲ್ಲ. ಅಂದಿನಿಂದ ನಾವು ಅಂಥ ಚೀಟಿಗಳನ್ನು ಬರೆಯುವುದನ್ನು ಬಿಟ್ಟಿದ್ದೇವೆ.

ಹಾಗಾದರೆ ಹಿರಿಯರ ವಾದದಲ್ಲಿ ದೋಷವೆಲ್ಲಿದೆ? ಈ ಪ್ರಶ್ನೆಗೆ ನಮಗೆ ಸ್ಪಷ್ಟತೆ ದೊರೆತದ್ದು ದೂರದೇಶದ ಒಂದು ಪತ್ರದಿಂದ. ಅಮೆರಿಕದಲ್ಲಿ ನೆಲೆಸಿರುವ ನಮ್ಮ ಪ್ರಸಾದನಿಲಯದ ಹಳೆಯ ವಿದ್ಯಾರ್ಥಿಯೊಬ್ಬರು ಮಗಳ ಕಾಲೇಜು ಪ್ರವೇಶದ ವಿಷಯವಾಗಿ ಬರೆಯುತ್ತ, ಅಲ್ಲಿಯ ಪದ್ಧತಿಯನ್ನು ವಿವರಿಸಿದ್ದರು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂ.ಐ.ಟಿ. ಮೊದಲಾದ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಪ್ರವೇಶದ ನಿರ್ಧಾರವನ್ನು ಒಂದು ಸಮಿತಿ ಮಾಡುತ್ತದೆ. ನೆರವಿನ ನಿರ್ಧಾರವನ್ನು ಬೇರೊಂದು ಕಚೇರಿ ಮಾಡುತ್ತದೆ. ವಿದ್ಯಾರ್ಥಿಗೆ ಧನಸಹಾಯ ಬೇಕೋ ಬೇಡವೋ ಎಂಬುದನ್ನು ಮೊದಲನೆಯ ಸಮಿತಿಯು ಗಣನೆಗೆ ತೆಗೆದುಕೊಳ್ಳುವುದಿಲ್ಲ. ಆಯ್ಕೆ ಮುಗಿದ ಮೇಲೆ ಎರಡನೆಯ ಕಚೇರಿಯು ಕುಟುಂಬದ ವರಮಾನವನ್ನು ಪೈಸೆಪೈಸೆಯಾಗಿ ಲೆಕ್ಕ ಹಾಕಿ, ಕೊಡಬಲ್ಲವರಿಂದ ಪೂರ್ತಿ ಪಡೆದು, ಕೊಡಲಾರದವರಿಗೆ ಕೊರತೆಯನ್ನು ತುಂಬಿಕೊಡುತ್ತದೆ. ಈ ಸೌಲಭ್ಯವನ್ನು ಪರದೇಶದ ವಿದ್ಯಾರ್ಥಿಗಳಿಗೂ ಒದಗಿಸುವ ಸಂಸ್ಥೆಗಳು ಕೆಲವೇ ಇವೆ. ಡಾರ್ಟ್‌ಮತ್ ಕಾಲೇಜು ೨೦೨೨ರಲ್ಲಿ ಆ ಪಂಕ್ತಿಗೆ ಸೇರಿತು. ಉಳಿದ ಬಹುಸಂಖ್ಯೆಯ ಸಂಸ್ಥೆಗಳಲ್ಲಿ, ನೆರವು ಬೇಕೆಂದು ಅರ್ಜಿಯಲ್ಲಿ ಬರೆದ ಭಾರತೀಯ ವಿದ್ಯಾರ್ಥಿಯು ಆ ಕಾರಣದಿಂದಲೇ ಹಿಂದೆ ಬೀಳುವ ಸಂಭವವುಂಟು. ಮಕ್ಕಳನ್ನು ಹೊರದೇಶಕ್ಕೆ ಕಳುಹಿಸಬೇಕೆನ್ನುವ ತಂದೆತಾಯಿಗಳು ಈ ಭೇದವನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ನಾವು ಅಮೆರಿಕವನ್ನು ಹೊಗಳಲು ಇದನ್ನು ಬರೆಯುತ್ತಿಲ್ಲ. ಅಲ್ಲಿಯೂ ಮಾತಿಗೂ ಕೃತಿಗೂ ಅಂತರವುಂಟು. ೨೦೨೨ರಲ್ಲಿ ಕೆಲವು ಹಳೆಯ ವಿದ್ಯಾರ್ಥಿಗಳು ಹದಿನಾರು ಖ್ಯಾತ ಖಾಸಗಿ ವಿಶ್ವವಿದ್ಯಾಲಯಗಳ ಮೇಲೆ ದಾವೆ ಹೂಡಿದರು. ವರಮಾನವನ್ನು ನೋಡುವುದಿಲ್ಲವೆಂದು ಸಾರುತ್ತಲೇ ದಾನಿಗಳ ಮಕ್ಕಳಿಗೆ ಮಣೆ ಹಾಕುತ್ತಾರೆ. ನೆರವಿನ ಮೊತ್ತವನ್ನು ಪರಸ್ಪರ ಮಾತನಾಡಿಕೊಂಡು ತಗ್ಗಿಸುತ್ತಾರೆ ಎಂಬುದು ಆಪಾದನೆ. ತಪ್ಪನ್ನು ಒಪ್ಪಿಕೊಳ್ಳದೆಯೇ ಅವುಗಳಲ್ಲಿ ಹಲವು ವಿಶ್ವವಿದ್ಯಾಲಯಗಳು ದೊಡ್ಡ ಮೊತ್ತವನ್ನು ತೆತ್ತು ರಾಜಿ ಮಾಡಿಕೊಂಡವು. ೨೦೨೩ರಲ್ಲಿ ರಾಜ್ ಚೆಟ್ಟಿ, ಡೇವಿಡ್ ಡೆಮಿಂಗ್, ಜಾನ್ ಫ್ರೀಡ್‌ಮನ್ ಎಂಬ ಅರ್ಥಶಾಸ್ತ್ರಜ್ಞರು ಪ್ರಕಟಿಸಿದ ಸಂಶೋಧನೆಯು ಇನ್ನೂ ಸ್ಪಷ್ಟವಾದುದನ್ನು ತೋರಿಸಿತು: ಪರೀಕ್ಷೆಯ ಅಂಕಗಳು ಸಮನಾಗಿದ್ದರೂ ಅತಿ ಶ್ರೀಮಂತರಾದ ಶೇಕಡಾ ಒಂದರಷ್ಟು ಕುಟುಂಬಗಳ ಮಕ್ಕಳು, ಮಧ್ಯಮ ವರ್ಗದ ಮಕ್ಕಳಿಗಿಂತ ಎರಡು ಪಟ್ಟಿಗೂ ಮಿಕ್ಕಿ ಇಂಥ ಸಂಸ್ಥೆಗಳನ್ನು ಸೇರುತ್ತಿದ್ದರು. ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ತೋರಿಸುವ ಒಲವು ಅದಕ್ಕೊಂದು ಕಾರಣವಾಗಿತ್ತು. ಈ ಪತ್ರಿಕೆಯನ್ನು ಓದುವ ಹಳೆಯ ವಿದ್ಯಾರ್ಥಿಗಳು ಈ ಕೊನೆಯ ಮಾತನ್ನು ಗಮನಿಸಬೇಕು. ನಾವು ನಮ್ಮ ಮಕ್ಕಳಿಗಾಗಿ ಕೇಳುವ ಸಣ್ಣ ಸಲಿಗೆಯು ಇನ್ನೊಬ್ಬರ ಮಕ್ಕಳ ಪಾಲಿಗೆ ಎತ್ತರದ ಗೋಡೆಯಾಗುತ್ತದೆ.

ಆ ಸಂಸ್ಥೆಗಳು ತಮ್ಮ ಮಾತನ್ನು ಪೂರ್ಣವಾಗಿ ನಡೆಸಲಿಲ್ಲವೆಂದ ಮಾತ್ರಕ್ಕೆ ಮಾತೇ ಸುಳ್ಳಾಗುವುದಿಲ್ಲ. ಆ ಮಾತಿನಲ್ಲಿರುವ ತತ್ತ್ವವಿಷ್ಟು: ವರಮಾನವನ್ನು ಕೇಳುವುದು ತಪ್ಪಲ್ಲ, ಯಾವಾಗ ಕೇಳುತ್ತೇವೆ, ಏತಕ್ಕಾಗಿ ಕೇಳುತ್ತೇವೆ ಎಂಬುದರಲ್ಲಿ ಧರ್ಮಾಧರ್ಮಗಳು ಅಡಗಿವೆ. ಆಯ್ಕೆಗೆ ಮೊದಲು ಕೇಳಿದರೆ ಅದು ವ್ಯಾಪಾರ. ಆಯ್ಕೆಯ ಅನಂತರ ಕೇಳಿದರೆ ಅದು ವ್ಯವಸ್ಥೆ. ಹಿರಿಯರ ವಾದದಲ್ಲಿದ್ದ ದೋಷ ಇದೇ. ಶ್ರೀಮಂತನಿಂದ ಹೆಚ್ಚು ಪಡೆದು ಬಡವನನ್ನು ಓದಿಸಬೇಕೆಂಬುದು ಯೋಗ್ಯವಾದ ಮಾತು. ಆದರೆ ಅದಕ್ಕಾಗಿ ಅಯೋಗ್ಯನಾದ ಶ್ರೀಮಂತನನ್ನು ಆರಿಸಬೇಕೆಂಬ ನಿರ್ಬಂಧವೇನಿದೆ? ಮೊದಲು ಯೋಗ್ಯತೆಯಿಂದ ಆರಿಸಿರಿ. ಆರಿಸಿದವರಲ್ಲಿಯೂ ಶ್ರೀಮಂತರಿದ್ದೇ ಇರುತ್ತಾರೆ. ಅವರಿಂದ ಅವರ ಶಕ್ತಿಗೆ ತಕ್ಕಷ್ಟು ಪಡೆಯಿರಿ. ಹೀಗೆ ಮಾಡಿದರೆ ಬರುವ ಹಣ ಸ್ವಲ್ಪ ಕಡಮೆಯಾದೀತು. ಆ ಕೊರತೆಯನ್ನು ತುಂಬುವುದೇ ಸಮಾಜದ ಕರ್ತವ್ಯ. ಅದನ್ನು ಸೀಟು ತಪ್ಪಿದ ಮಗುವಿನ ತಲೆಗೆ ಹೊರಿಸುವುದು ಸಲ್ಲದು.

ಇಲ್ಲಿ ಒಂದು ಸಂದೇಹಕ್ಕೆ ಉತ್ತರ ಹೇಳಬೇಕಾಗಿದೆ. ದಾಸೋಹದ ಪಂಕ್ತಿಯಲ್ಲಿ ಯಾರ ಯೋಗ್ಯತೆಯನ್ನೂ ನಾವು ವಿಚಾರಿಸುವುದಿಲ್ಲ. ವಿದ್ಯೆಯ ಪಂಕ್ತಿಯಲ್ಲಿ ಮಾತ್ರ ಏಕೆ ವಿಚಾರಿಸಬೇಕೆಂದು ಕೆಲವರು ಕೇಳಬಹುದು. ಹಸಿವು ಎಲ್ಲರಿಗೂ ಸಮಾನ. ಅಕ್ಕಿ ಸಾಲದಿದ್ದರೆ ಇನ್ನೊಂದು ಪಡಿ ಹಾಕಬಹುದು. ಸೀಟುಗಳು ಹಾಗಲ್ಲ, ಅವು ಎಣಿಕೆಯವು. ಎಣಿಕೆಯ ವಸ್ತುವನ್ನು ಹಂಚುವಾಗ ಆಯ್ಕೆ ಅನಿವಾರ್ಯ. ಆದುದರಿಂದ ದಾಸೋಹದ ತತ್ತ್ವವನ್ನು ಇಲ್ಲಿ ಅಕ್ಷರಶಃ ಅನ್ವಯಿಸಲು ಬರುವುದಿಲ್ಲ. ಆದರೆ ಅದರ ಹೃದಯವನ್ನು ಅನ್ವಯಿಸಲು ಬರುತ್ತದೆ. ಪಂಕ್ತಿಯಲ್ಲಿ ಕುಳಿತವನ ಜೇಬನ್ನು ಬಡಿಸುವವನು ನೋಡಬಾರದು ಎಂಬುದೇ ಆ ಹೃದಯ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ವಿಚಾರಿಸೋಣ. ಯೋಗ್ಯತೆಯೆಂದರೆ ಪರೀಕ್ಷೆಯ ಅಂಕಗಳೇ ಏನು? ೨೦೦೨ರ ತೀರ್ಪಿನಲ್ಲಿ ನ್ಯಾಯಮೂರ್ತಿಗಳು ಒಂದು ವಿಚಿತ್ರವನ್ನು ಗುರುತಿಸಿದ್ದರು. ಖಾಸಗಿ ಶಾಲೆಗಳಲ್ಲಿ ಓದಿದ ಅನುಕೂಲವಂತರ ಮಕ್ಕಳು ಪ್ರವೇಶ ಪರೀಕ್ಷೆಯಲ್ಲಿ ಮೇಲಿನ ಸ್ಥಾನ ಪಡೆದು ಉಚಿತ ಸೀಟುಗಳನ್ನು ಪಡೆಯುತ್ತಿದ್ದರು. ಅಷ್ಟು ಅನುಕೂಲವಿಲ್ಲದವರ ಮಕ್ಕಳಿಗೆ ಪಾವತಿ ಸೀಟು ಉಳಿಯುತ್ತಿತ್ತು. ಬಡವರಿಗಾಗಿ ಕಟ್ಟಿದ ವ್ಯವಸ್ಥೆಯಲ್ಲಿ ಬಡವನೇ ಶ್ರೀಮಂತನ ಫೀಯನ್ನು ಕಟ್ಟುವ ವಿಪರ್ಯಾಸ! ಕೋಚಿಂಗ್ ತರಗತಿಗಳಿಗೆ ಎರಡು ವರ್ಷ ಹಣ ಸುರಿದು, ಬೇಕಾದರೆ ಮೂರನೆಯ ವರ್ಷವೂ ಮನೆಯಲ್ಲಿ ಕುಳಿತು ಓದಬಲ್ಲವನ ಅಂಕಗಳನ್ನೂ, ಹಳ್ಳಿಯ ಸರ್ಕಾರಿ ಕಾಲೇಜಿನಲ್ಲಿ ವಿಜ್ಞಾನದ ಉಪನ್ಯಾಸಕರಿಲ್ಲದೆ ಓದಿದವನ ಅಂಕಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ತೂಕ ಸರಿಯಾದೀತೇ? ಅಮೆರಿಕದ ತತ್ತ್ವಚಿಂತಕ ಜಾನ್ ರಾಲ್ಸ್ ೧೯೭೧ರಲ್ಲಿ ಪ್ರಕಟಿಸಿದ ನ್ಯಾಯಸಿದ್ಧಾಂತದ ಗ್ರಂಥದಲ್ಲಿ, ಹುಟ್ಟಿದ ಮನೆಯಾಗಲಿ ಹುಟ್ಟಿನಿಂದ ಬಂದ ಬುದ್ಧಿಯಾಗಲಿ ಯಾರ ಸ್ವಂತ ಸಂಪಾದನೆಯೂ ಅಲ್ಲವೆಂದು ವಾದಿಸಿದ್ದಾನೆ. ಅಂಕಪಟ್ಟಿಯಲ್ಲಿ ಬಾಲಕನ ಹೆಸರು ಮಾತ್ರ ಇರುತ್ತದೆ. ಆದರೆ ಅದನ್ನು ಬರೆದ ಮಸಿಯಲ್ಲಿ ತಂದೆಯ ವರಮಾನವೂ ಬೆರೆತಿರುತ್ತದೆ.

ಹೀಗಿರುವಾಗ ವರಮಾನವನ್ನು ಕೇವಲ ನೋಡದಿರುವುದೂ ಪೂರ್ಣ ನ್ಯಾಯವಾಗದು. ನಡೆದುಬಂದ ದಾರಿಯನ್ನು ತಿಳಿಯುವುದಕ್ಕಾಗಿ ಅದನ್ನು ನೋಡಬೇಕಾಗುತ್ತದೆ. ನಮ್ಮ ಪ್ರಸಾದನಿಲಯದ ಅರ್ಜಿಯಲ್ಲಿರುವ ಅಂಕಣ ಇಂಥದು. ನಮ್ಮ ರಾಜ್ಯದ ಸರ್ಕಾರಿ ಸೀಟುಗಳಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇಕಡಾ ೧೫, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ ೫ ಮೀಸಲಿಟ್ಟಿರುವುದೂ, ತಾಂತ್ರಿಕ ಕಾಲೇಜುಗಳಲ್ಲಿ ಕುಟುಂಬದ ವರಮಾನ ವರ್ಷಕ್ಕೆ ಎಂಟು ಲಕ್ಷ ರೂಪಾಯಿಗೆ ಮೀರದ ವಿದ್ಯಾರ್ಥಿಗಳಿಗಾಗಿ ಬೋಧನಾ ಫೀ ಇಲ್ಲದ ಶೇಕಡಾ ೫ರಷ್ಟು ಹೆಚ್ಚುವರಿ ಸೀಟುಗಳಿರುವುದೂ ಇದೇ ತತ್ತ್ವದಿಂದ. ಇವುಗಳ ವಿಷಯ ತಿಳಿಯದೆ ಎಷ್ಟೋ ಹಳ್ಳಿಯ ಮಕ್ಕಳು ಅವಕಾಶವನ್ನು ಕಳೆದುಕೊಳ್ಳುತ್ತಿದ್ದಾರೆ. ಪ್ರಮಾಣಪತ್ರಗಳನ್ನು ಸಕಾಲದಲ್ಲಿ ಮಾಡಿಸಿಕೊಡುವುದೂ ಒಂದು ವಿದ್ಯಾದಾನವೇ ಎಂಬುದನ್ನು ಭಕ್ತರು ಮನಗಾಣಬೇಕು.

ಫೀಯ ಭಾರವು ಪ್ರವೇಶದೊಡನೆ ಮುಗಿಯುವುದಿಲ್ಲವೆಂಬುದನ್ನೂ ನೆನಪಿಡಬೇಕು. ಹೆಚ್ಚಿನ ಫೀಯ ಸೀಟುಗಳಲ್ಲಿ ವೈದ್ಯಕೀಯ ಪದವಿಯ ಒಟ್ಟು ವೆಚ್ಚವು ಕೋಟಿ ರೂಪಾಯಿಯನ್ನು ದಾಟುವುದುಂಟು. ಹೊಲವನ್ನು ಅಡವಿಟ್ಟು ಓದಿದ ಯುವಕನು ಹಳ್ಳಿಯ ಆಸ್ಪತ್ರೆಗೆ ಹೇಗೆ ಹೋದಾನು? ಸಾಲವನ್ನು ತೀರಿಸುವ ಚಿಂತೆ ರೋಗಿಯ ಮುಖವನ್ನು ನೋಡಗೊಡುವುದಿಲ್ಲ. ಕಾಯಕವು ಸೇವೆಯಾಗಬೇಕಾದರೆ ಅದು ಋಣದಿಂದ ಆರಂಭವಾಗಬಾರದು. ಕಾಲೇಜಿನ ಬಾಗಿಲಲ್ಲಿ ನಾವು ಬಿತ್ತಿದ್ದನ್ನೇ ಆಸ್ಪತ್ರೆಯ ಬಾಗಿಲಲ್ಲಿ ಕೊಯ್ಯುತ್ತೇವೆ.

ಈಗ ನಾವು ಮಾಡಬೇಕಾದುದೇನು? ಹಿಂದಿನವರು ತೋರಿಸಿದ ದಾರಿಯನ್ನು ಸ್ಮರಿಸೋಣ. ಶಿರಸಂಗಿಯ ಲಿಂಗರಾಜ ದೇಸಾಯಿಯವರು ೧೯೦೬ರಲ್ಲಿ ಲಿಂಗೈಕ್ಯರಾಗುವ ಮೊದಲು ತಮ್ಮ ಆಸ್ತಿಯನ್ನು ಮಕ್ಕಳ ವಿದ್ಯೆಗಾಗಿ ಬರೆದಿಟ್ಟರು. ೧೯೧೬ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಸ್ಥಾಪಿಸಿದ ಏಳು ಮಂದಿ ಧನಿಕರಾಗಿರಲಿಲ್ಲ, ಶಿಕ್ಷಕರಾಗಿದ್ದರು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ನಡೆಯಿಸಿದ ಪ್ರಸಾದನಿಲಯವಾಗಲಿ, ಸಿದ್ಧಗಂಗೆಯಲ್ಲಿ ೨೦೧೯ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಮಹಾಸ್ವಾಮಿಗಳು ಸಾವಿರಾರು ಮಕ್ಕಳಿಗೆ ನೀಡಿದ ಅನ್ನವಿದ್ಯೆಗಳಾಗಲಿ, ಭಕ್ತರ ಜೋಳಿಗೆಯ ಕಾಳಿನಿಂದಲೇ ಬೆಳೆದವು. ಅವರಾರೂ ಮಗುವನ್ನು ಆರಿಸುವ ಮೊದಲು ತಂದೆಯ ಗಂಟನ್ನು ನೋಡಲಿಲ್ಲ. ಹಣ ಬೇಕಾದಾಗ ಸಮಾಜದ ಮುಂದೆ ಕೈಯೊಡ್ಡಿದರು. ಮಕ್ಕಳ ಮುಂದೆ ಕೈಯೊಡ್ಡಲಿಲ್ಲ. ನಾವು ಇಂದು ದೊಡ್ಡ ಕಟ್ಟಡಗಳನ್ನು ಕಟ್ಟಿದ್ದೇವೆ; ಆ ಕಟ್ಟಡಗಳಿಗೆ ಹಣ ಬೇಕೆಂದು ಮಕ್ಕಳ ಮುಂದೆಯೇ ಕೈಯೊಡ್ಡುವ ಸ್ಥಿತಿಗೆ ಬಂದಿದ್ದೇವೆ. ಇದು ಬೆಳವಣಿಗೆಯೋ ಇಳಿತವೋ ಎಂಬುದನ್ನು ವಾಚಕರೇ ನಿರ್ಧರಿಸಲಿ.

ಮಠಗಳು ಹಾಗೂ ಭಕ್ತರು ನಡೆಯಿಸುವ ಸಂಸ್ಥೆಗಳ ಹಿರಿಯರಲ್ಲಿ ನಮ್ಮ ಬಿನ್ನಹವಿಷ್ಟು. ತಮ್ಮ ಅಧಿಕಾರಕ್ಕೆ ಒಳಪಟ್ಟ ಸೀಟುಗಳ ಆಯ್ಕೆಯ ಪಟ್ಟಿಯನ್ನು ಮೊದಲು ಮುಗಿಸಿ, ಸಹಿ ಮಾಡಿ, ಫಲಕದ 'ಮೇಲೆ ಅಂಟಿಸಿರಿ. ಫೀಯ ಮಾತನ್ನು ಅನಂತರ ಎತ್ತಿರಿ. ಹೆಚ್ಚಿನ ಫೀಯಿಂದ ಬಡವರನ್ನು ಓದಿಸುತ್ತೇವೆ ಎನ್ನುವುದಾದರೆ, ಎಷ್ಟು ಹಣ ಬಂದಿತು, ಎಷ್ಟು ಮಕ್ಕಳು ಓದಿದರು ಎಂಬ ಲೆಕ್ಕವನ್ನು ಪ್ರತಿವರ್ಷ ಪ್ರಕಟಿಸಿರಿ. ಹಳೆಯ ವಿದ್ಯಾರ್ಥಿಗಳಲ್ಲಿ ನಮ್ಮ ಬಿನ್ನಹ ಬೇರೆ. ತಾವು ಉಂಡ ಪ್ರಸಾದಕ್ಕೆ ಯಾರೂ ಲೆಕ್ಕ ಕೇಳಲಿಲ್ಲ, ಇಂದೂ ಕೇಳುವುದಿಲ್ಲ. ಆದರೆ ಸೀಟು ದೊರೆತು, ಫೀಗಾಗಿ ಮೂರು ದಿನದ ಗಡುವಿನಲ್ಲಿ ನಿಂತ ಒಂದು ಮಗುವಿಗೆ ಹತ್ತು ಮಂದಿ ಹಳೆಯ ವಿದ್ಯಾರ್ಥಿಗಳು ಕೂಡಿ ಆಸರೆಯಾದರೆ, ಅದು ಮಠಕ್ಕೆ ಕೊಡುವ ಯಾವ ಕಾಣಿಕೆಗಿಂತಲೂ ಹಿರಿದು. ಚೀಟಿಗಾಗಿ ಮಠಕ್ಕೆ ಬರುವ ಭಕ್ತರು ಮನ್ನಿಸಬೇಕು; ಪಡಸಾಲೆಯಲ್ಲಿ ಪ್ರಸಾದ ದೊರೆಯುತ್ತದೆ, ಚೀಟಿ ದೊರೆಯುವುದಿಲ್ಲ.

ಆ ಹುಡುಗಿಯ ವಿಷಯ ಹೇಳಿ ಮುಗಿಸುತ್ತೇವೆ. ಅಂದು ನಾವು ಅವಳಿಗೆ ಏನನ್ನೂ ಮಾಡಲಾಗಲಿಲ್ಲ. ಮೂರು ದಿನಗಳಲ್ಲಿ ಹಣ ಕೂಡಲಿಲ್ಲ. ಅವಳು ಊರಿನ ಸಮೀಪದ ಕಾಲೇಜಿನಲ್ಲಿ ಬಿ.ಎಸ್ಸಿ. ಸೇರಿ ಓದಿದಳು. ತಂದೆ ಈಗಲೂ ಪ್ರತಿ ಅಮಾವಾಸ್ಯೆಗೆ ಬರುತ್ತಾರೆ, ಪ್ರಸಾದ ಸ್ವೀಕರಿಸಿ ಹೋಗುತ್ತಾರೆ. ಆ ಮಾತನ್ನು ಮತ್ತೆ ಎತ್ತಿಲ್ಲ. ಅವರು ಎತ್ತದಿದ್ದರೂ ನಾವು ಎತ್ತಬೇಕಾಗಿದೆ. ತನ್ನದಲ್ಲದ ತಪ್ಪಿಗೆ ತಂದೆಯೊಬ್ಬನು 'ಫೇಲಾದಾಂವ ನಾನು' ಎಂದು ತಲೆತಗ್ಗಿಸಿ ಹೋಗುವ ಸಮಾಜದಲ್ಲಿ, ನಿಜವಾಗಿ ಅನುತ್ತೀರ್ಣರಾದವರು ನಾವೆಲ್ಲರೂ. ಮುಂದಿನ ಮುಂಗಾರು ಬರುವ ಮುನ್ನ ಈ ಪಾಠವನ್ನು ಮತ್ತೊಮ್ಮೆ ಓದಿ ಒಪ್ಪಿಸುವ ಶಕ್ತಿಯನ್ನು ಪರಶಿವನು ನಮಗೂ ತಮಗೂ ಕರುಣಿಸಲಿ.